ಮೊದಲು ಗೊರಸು, ಆಮೇಲೆ ಸವಾರಿ

ಬೇಸಿಗೆ ರಜೆ ಬಂತೆಂದರೆ ಈಜು, ಕರಾಟೆ, ಚಿತ್ರಕಲೆ, ಕೀಬೋರ್ಡ್ ಎಂದು ಮಕ್ಕಳನ್ನು ಒಂದಲ್ಲ ಒಂದು ಶಿಬಿರಕ್ಕೆ ಸೇರಿಸುವುದು ನಗರದ ತಂದೆ ತಾಯಿಯರ ವಾಡಿಕೆ. ಬೆಂಗಳೂರಿನ ಸುತ್ತಮುತ್ತ ಈ ಪಟ್ಟಿಗೆ ಕುದುರೆ ಸವಾರಿಯೂ ಸೇರಿಕೊಂಡಿದೆ. ಊರಾಚೆಯ ತೋಟವೊಂದರಲ್ಲಿ ಐದಾರು ಕುದುರೆಗಳು, ತಗಡಿನ ಮಾಡಿನ ಲಾಯ, ಬೇಲಿ ಹಾಕಿದ ಮರಳಿನ ಅಂಗಳ, ಸೈನ್ಯದಿಂದಲೋ ಪೊಲೀಸ್ ಅಶ್ವದಳದಿಂದಲೋ ನಿವೃತ್ತರಾದ ಒಬ್ಬ ಮಾಸ್ತರರು, ಇಬ್ಬರು ಸೈಸ್‌ಗಳು. ಇಂಥ ಚಿಕ್ಕ ಲಾಯಗಳಲ್ಲಿ ಮೊದಲ ವಾರವೇ ಕೇಳಿಬರುವ ತಕರಾರು ಒಂದಿದೆ: "ನಾವು ದುಡ್ಡು ಕಟ್ಟಿರೋದು ಸವಾರಿ ಕಲಿಯೋಕೆ. ಮೂರು ದಿನದಿಂದ ಮಗು ಲದ್ದಿ ಬಾಚ್ತಾ ಇದೆ, ಬ್ರಷ್ ಹಿಡಿದು ಉಜ್ಜುತಾ ಇದೆ. ಕುದುರೆ ಹತ್ತಿಸೋದು ಯಾವಾಗ?"

ತಕರಾರು ಸಹಜವೇ. ಈಜು ಕಲಿಸುವವರು ಮೊದಲು ಕೊಳ ತೊಳೆಯಿರಿ ಎನ್ನುವುದಿಲ್ಲವಲ್ಲ! ಆದರೆ ಕೊಳಕ್ಕೆ ಕಣ್ಣು ಕಿವಿಗಳಿಲ್ಲ, ಭಯವಿಲ್ಲ, ನಿನ್ನೆ ಯಾರು ನೋಯಿಸಿದರೆಂಬ ನೆನಪಿಲ್ಲ. ಕುದುರೆಗೆ ಇವೆಲ್ಲ ಇವೆ. ಸುಮಾರು 450 ಕಿಲೋ ತೂಗುವ, ಬೆದರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿ ಓಡಬಲ್ಲ ಪ್ರಾಣಿಯ ಬೆನ್ನಿನ ಮೇಲೆ 40 ಕಿಲೋದ ಮಗುವನ್ನು ಕೂರಿಸಬೇಕಾಗಿದೆ. ಆ ಪ್ರಾಣಿ ಏನನ್ನು ಕಾಣುತ್ತದೆ, ಏನನ್ನು ಕೇಳುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದು ನೆಲದ ಮೇಲೆ ನಿಂತಾಗಲೇ ಗೊತ್ತಾಗಬೇಕು. ಬ್ರಷ್ ಹಿಡಿದ ಆ ಮೂರು ದಿನಗಳಲ್ಲಿ ನಡೆಯುವುದು ಇದೇ ಪಾಠ.

ಕಣ್ಣಿನಿಂದಲೇ ಆರಂಭಿಸೋಣ. ನೆಲದ ಮೇಲೆ ಬದುಕುವ ಸ್ತನಿಗಳಲ್ಲಿ ಅತಿ ದೊಡ್ಡ ಕಣ್ಣುಗಳ ಸಾಲಿಗೆ ಕುದುರೆಯ ಕಣ್ಣು ಸೇರುತ್ತದೆ. ಅದು ನಮ್ಮಂತೆ ಮುಖದ ಮುಂಭಾಗದಲ್ಲಿಲ್ಲ, ಎರಡು ಪಕ್ಕಗಳಲ್ಲಿದೆ. ಆದ್ದರಿಂದ ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಗಳಷ್ಟು ಸುತ್ತಳತೆ ಅದರ ನೋಟಕ್ಕೆ ಸಿಗುತ್ತದೆ. ಹುಲ್ಲುಗಾವಲಿನಲ್ಲಿ ಮೇಯುತ್ತಿರುವಾಗ ಹಿಂದಿನಿಂದ ತೋಳ ಬಂದರೂ ಕಾಣಬೇಕು ಎಂಬುದು ಪ್ರಕೃತಿಯ ಏರ್ಪಾಟು. ಉಳಿದ ಸ್ವಲ್ಪ ಭಾಗ ಮಾತ್ರ ಕುರುಡು: ಬಾಲದ ನೇರ ಹಿಂದೆ, ಮತ್ತು ಹಣೆಯ ತೀರ ಮುಂದೆ, ಮೂತಿಯ ಕೆಳಗೆ. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಸುಳಿಯಬಾರದು ಎಂದು ಹಿರಿಯರು ಹೇಳುವುದುಂಟು. ಅಧಿಕಾರಿಯ ವಿಷಯ ಹೇಗೋ, ಕುದುರೆಯ ವಿಷಯದಲ್ಲಿ ಅದು ಅಪ್ಪಟ ದೃಷ್ಟಿವಿಜ್ಞಾನ. ಕಾಣದ ಜಾಗದಲ್ಲಿ ಏನೋ ಮುಟ್ಟಿತೆಂದರೆ ಕುದುರೆಯ ಮೊದಲ ಉತ್ತರ ಒದೆ. ಆದ್ದರಿಂದ ಹತ್ತಿರ ಹೋಗುವಾಗ ಮೆಲ್ಲಗೆ ಮಾತನಾಡುತ್ತ, ಭುಜದ ಕಡೆಯಿಂದ ಹೋಗಬೇಕು. ಹಿಂಭಾಗವನ್ನು ದಾಟಲೇಬೇಕಾದರೆ ಒದೆ ತಲುಪದಷ್ಟು ದೂರದಿಂದ ಸುತ್ತಿ ಹೋಗಬೇಕು. ಇಲ್ಲವೆ, ಅನುಭವವಿದ್ದವರು ಮಾಡುವಂತೆ, ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಮೈಗೆ ಮೈ ತಾಗಿಸಿ ದಾಟಬೇಕು. ಅರ್ಧ ದೂರ ಅತ್ಯಂತ ಅಪಾಯದ್ದು. ಒದೆಯ ಪೂರ್ಣ ವೇಗ ಸಿಗುವುದು ಅಲ್ಲೇ.

ಕೆಂಪು ಹಸಿರುಗಳ ವ್ಯತ್ಯಾಸ ಕುದುರೆಗೆ ಸರಿಯಾಗಿ ತಿಳಿಯುವುದಿಲ್ಲ. ನೀಲಿ ಹಳದಿಗಳು ತಿಳಿಯುತ್ತವೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಬಿಸಿಲಿನಿಂದ ಬಂದ ಕುದುರೆ ಕತ್ತಲ ಲಾಯದ ಬಾಗಿಲಲ್ಲಿ ತಡೆದು ನಿಂತರೆ ಅದು ಮೊಂಡಾಟವಲ್ಲ, ಒಳಗೆ ಏನೂ ಕಾಣುತ್ತಿಲ್ಲ ಅಷ್ಟೆ. ಆಗ ಹಗ್ಗ ಜಗ್ಗಿ ಬೈಯುವ ಹುಡುಗನಿಗೂ ಒಂದು ನಿಮಿಷ ಕಾಯುವ ಹುಡುಗನಿಗೂ ಇರುವ ಅಂತರವನ್ನು ಕುದುರೆ ಮರೆಯುವುದಿಲ್ಲ.

ಕಿವಿಗಳಂತೂ ಅದರ ಮನಸ್ಸಿನ ಮುಳ್ಳುಗಳು, ಗಡಿಯಾರದ ಮುಳ್ಳಿನಂತೆ. ಮುಂದಕ್ಕೆ ನೆಟ್ಟರೆ ಗಮನ ಅಲ್ಲಿದೆ. ಒಂದು ಕಿವಿ ನಿಮ್ಮತ್ತ ತಿರುಗಿದರೆ ನಿಮ್ಮ ಮಾತು ಕೇಳುತ್ತಿದೆ. ಎರಡೂ ಹಿಂದಕ್ಕೆ ಚಪ್ಪಟೆಯಾಗಿ ಕತ್ತಿಗೆ ಅಂಟಿದರೆ ಎಚ್ಚರ, ಮುಂದಿನದು ಕಚ್ಚುವುದೋ ಒದೆಯುವುದೋ ಆಗಬಹುದು. ಚರ್ಮದ ಸೂಕ್ಷ್ಮತೆಯನ್ನು ನೀವೇ ನೋಡಿರಬಹುದು: ಒಂದು ನೊಣ ಕುಳಿತರೂ ಆ ಜಾಗದ ಚರ್ಮವಷ್ಟೇ ಅದುರುತ್ತದೆ. ನೊಣದ ಭಾರ ತಿಳಿಯುವ ಮೈಗೆ ಹಿಮ್ಮಡಿಯಿಂದ ಗುದ್ದುವ ಅಗತ್ಯವೇನು ಎಂದು ಮಾಸ್ತರರು ಕೇಳುವುದು ಇದಕ್ಕೇ.

ಕುದುರೆ ಮನುಷ್ಯನ ಮೈಯನ್ನು ಎಷ್ಟು ಚೆನ್ನಾಗಿ ಓದುತ್ತದೆ ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲೇ ಒಂದು ಪ್ರಸಿದ್ಧ ಪ್ರಕರಣವಿದೆ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ಶಾಲಾ ಶಿಕ್ಷಕರ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೊಟ್ಟರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ಸಮಿತಿಗೆ ಮೋಸ ಕಾಣಲಿಲ್ಲ. ಆಮೇಲೆ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಒಂದು ಸರಳ ಪ್ರಯೋಗ ಮಾಡಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿದರು. ಕೇಳುವವರು ಕುದುರೆಗೆ ಕಾಣದಂತೆಯೂ ಮಾಡಿ ನೋಡಿದರು. ಹಾನ್ಸ್‌ನ ಗಣಿತ ಮಾಯವಾಯಿತು! ತಟ್ಟುವಿಕೆ ಸರಿಯುತ್ತರ ಮುಟ್ಟಿದೊಡನೆ ಕೇಳುವವರ ತಲೆ ತಮಗರಿವಿಲ್ಲದೆ ಒಂದಿಷ್ಟು ಎದ್ದುಬಿಡುತ್ತಿತ್ತು. ಕುದುರೆ ಅದನ್ನು ಗಮನಿಸಿ ನಿಲ್ಲಿಸುತ್ತಿತ್ತು. ಲೆಕ್ಕ ಬಾರದಿದ್ದರೇನು, ಪ್ರೊಫೆಸರುಗಳ ಕಣ್ಣಿಗೆ ಬೀಳದ ಕೂದಲೆಳೆಯ ಚಲನೆ ಅದಕ್ಕೆ ಕಂಡಿತ್ತು. ಹೆದರಿ ಉಸಿರು ಬಿಗಿಹಿಡಿದು ಕೂತ ಮಗುವಿನ ಸಂಗತಿ ಬೆನ್ನ ಕೆಳಗಿನ ಪ್ರಾಣಿಗೆ ತಿಳಿಯದೆ ಇದ್ದೀತೆ?

ಇನ್ನು ಗೊರಸು. ಚಿಕ್ಕ ಲಾಯಗಳಲ್ಲಿ ಮಕ್ಕಳಿಗೆ ಮೊದಲು ಕೈಗೆ ಕೊಡುವ ಉಪಕರಣ ಲಗಾಮಲ್ಲ, ಗೊರಸು ಕೆದಕುವ ಕೊಕ್ಕೆ. ಸವಾರಿಗೆ ಮುನ್ನ ಒಮ್ಮೆ, ಆದಮೇಲೆ ಒಮ್ಮೆ ನಾಲ್ಕೂ ಗೊರಸುಗಳನ್ನು ಎತ್ತಿ ಮಣ್ಣು, ಲದ್ದಿ, ಕಲ್ಲು ತೆಗೆಯಬೇಕು. ಜೀವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎಂದು ತಿಳಿಯುವ ಕೀಲು ನಿಜವಾಗಿ ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವುದು ನಮ್ಮ ಹಿಮ್ಮಡಿ. ಅಲ್ಲಿಂದ ಕೆಳಗೆ ಇರುವುದೆಲ್ಲ ಒಂದೇ ಒಂದು ಬೆರಳು, ನಡುಬೆರಳು. ಗೊರಸು ಆ ಬೆರಳಿನ ಉಗುರು. ಅಂಗೈ ಊರದೆ ನಾಲ್ಕೂ ಕೈಕಾಲುಗಳ ನಡುಬೆರಳಿನ ಉಗುರಿನ ಮೇಲೆ ನಿಂತು ಒಮ್ಮೆ ಊಹಿಸಿಕೊಳ್ಳಿ! ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಕಾಡಿನಲ್ಲಿದ್ದ, ನಾಯಿಯಷ್ಟೇ ಗಾತ್ರದ ಪೂರ್ವಜರಿಗೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಮೂರು ಬೆರಳುಗಳಿದ್ದವು. ಬಯಲಿನ ಓಟಕ್ಕೆ ಹೊಂದಿಕೊಳ್ಳುತ್ತ ಪಕ್ಕದ ಬೆರಳುಗಳು ಸವೆದು ಹೋಗಿ ನಡುವಿನದೊಂದೇ ಉಳಿಯಿತು.

ಗೊರಸಿನ ಹೊರಗೋಡೆಯಲ್ಲಿ ನರಗಳಿಲ್ಲ. ಆದ್ದರಿಂದಲೇ ಲಾಳಕ್ಕೆ ಮೊಳೆ ಹೊಡೆದರೆ, ಸರಿಯಾದ ಜಾಗದಲ್ಲಿ ಹೊಡೆದರೆ, ನೋವಾಗದು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತಲೇ ಇರುವುದರಿಂದ ಆರು ವಾರಕ್ಕೊಮ್ಮೆಯಾದರೂ ಲಾಳ ಕಟ್ಟುವವರು ಬಂದು ಕತ್ತರಿಸಿ ಸರಿಮಾಡಬೇಕು. ಅಡಿಭಾಗ ತಿರುಗಿಸಿ ನೋಡಿದರೆ ನಡುವೆ ಇಂಗ್ಲಿಷಿನ 'ವಿ' ಅಕ್ಷರದಂಥ ಮೆತ್ತನೆಯ ಭಾಗ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಗ್ ಎನ್ನುತ್ತಾರೆ. ಕಪ್ಪೆಯ ಹೆಸರು ಅಲ್ಲಿಗೆ ಹೇಗೆ ಹೋಯಿತೋ! ಈ ಭಾಗಕ್ಕೆ ನೋವು ತಿಳಿಯುತ್ತದೆ. ಕುದುರೆ ಹೆಜ್ಜೆಯಿಟ್ಟಾಗ ಗೊರಸಿನ ಹಿಂಭಾಗ ಒತ್ತಿ ಅಗಲವಾಗುತ್ತದೆ, ಒಳಗಿನ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ದಿನವಿಡೀ ಲಾಯದಲ್ಲಿ ಕಟ್ಟಿಹಾಕಿದ ಕುದುರೆಯ ಕಾಲು ಬಾತುಕೊಳ್ಳುವುದಕ್ಕೆ ನಡಿಗೆಯಿಲ್ಲದಿರುವುದೇ ಒಂದು ಕಾರಣ. ಕೊಕ್ಕೆಯನ್ನು ಯಾವಾಗಲೂ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಎಳೆಯಬೇಕು. ಉಲ್ಟಾ ಎಳೆದರೆ ಕೊಕ್ಕೆಯ ಮೊನೆ ಆ ಮೆತ್ತನೆಯ ಭಾಗದ ಬಿರುಕಿಗೆ ಹೊಕ್ಕೀತು. ಕೆಟ್ಟ ವಾಸನೆ, ಕಪ್ಪು ರಸ ಕಂಡರೆ ಗೊರಸು ಕೊಳೆಯುತ್ತಿದೆ ಎಂದರ್ಥ. ಒದ್ದೆ ಲದ್ದಿಯಲ್ಲಿ ನಿಂತ ಕುದುರೆಗೆ ಬರುವ ಕಾಯಿಲೆ ಇದು. ಲದ್ದಿ ಬಾಚುವ ಪಾಠಕ್ಕೂ ಗೊರಸಿನ ಪಾಠಕ್ಕೂ ಸಂಬಂಧ ಇರುವುದು ಇಲ್ಲಿ.

ಹೊಟ್ಟೆಯ ವಿಷಯವನ್ನು ಮಕ್ಕಳಿಗಿಂತ ಜೊತೆಗೆ ಬರುವ ದೊಡ್ಡವರು ತಿಳಿಯಬೇಕು. ಪ್ರೀತಿಯಿಂದ ಬೆಲ್ಲ, ಬಿಸ್ಕತ್ತು, ಬ್ರೆಡ್ ತಂದು ತಿನ್ನಿಸುವವರು ಅವರೇ. ಇಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಯುವುದು ಬರೀ 8ರಿಂದ 15 ಲೀಟರು. ಹುಲ್ಲಿನ ನಾರು ಜೀರ್ಣವಾಗುವುದು ಕರುಳಿನ ಕೊನೆಯ ಭಾಗದಲ್ಲಿ, ಅಲ್ಲಿನ ಕೋಟ್ಯಂತರ ಸೂಕ್ಷ್ಮಜೀವಿಗಳ ನೆರವಿನಿಂದ. ಹಸುವಿನಂತೆ ಮೆಲುಕು ಹಾಕಲು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ! ಒಳಗೆ ಹೋದದ್ದು ಹಿಂದಿರುಗಲಾರದು. ಆದ್ದರಿಂದ ಹೊಟ್ಟೆ ಶೂಲೆ ಎಂಬುದು ಕುದುರೆಯ ಪಾಲಿಗೆ ಸಣ್ಣ ಕಾಯಿಲೆಯಲ್ಲ, ಪ್ರಾಣ ತೆಗೆಯುವಂಥದು. ಪದೇ ಪದೇ ಹೊಟ್ಟೆಯ ಕಡೆ ತಿರುಗಿ ನೋಡುವುದು, ನೆಲ ಕೆರೆಯುವುದು, ಮೇವು ಬಿಟ್ಟು ಹೊರಳಾಡುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ, ಹುಲ್ಲೇ ಪ್ರಧಾನವಾಗಿ ತಿನ್ನುವುದು ಅದರ ಕ್ರಮ. ನಮ್ಮ ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಕಾಳೆಂದೇ ಹೆಸರಿದ್ದರೂ ಅಳತೆ ಮೀರಿದರೆ ಅದೂ ವಿಷವೇ. ಕ್ಯಾರೆಟ್ಟಿನ ಒಂದು ತುಂಡು ಕೊಡುವುದಿದ್ದರೂ ಸೈಸ್‌ನನ್ನು ಕೇಳಿ ಕೊಡಬೇಕು, ಅಂಗೈ ಚಪ್ಪಟೆಯಾಗಿ ಹರವಿ ಅದರ ಮೇಲಿಟ್ಟು ಕೊಡಬೇಕು. ಮಡಚಿದ ಬೆರಳು ಕುದುರೆಗೆ ಕ್ಯಾರೆಟ್ಟಿನಂತೆಯೇ ತೋರುತ್ತದೆ.

ಹತ್ತುವ ದಿನ ಬಂತೆನ್ನಿ. ಜೀನು ಬಿಗಿದಾಯಿತು, ಕುದುರೆ ಎದೆಯುಬ್ಬಿಸಿಕೊಂಡು ನಿಂತಿರಬಹುದಾದ್ದರಿಂದ ನಾಲ್ಕು ಹೆಜ್ಜೆ ನಡೆಸಿ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿದಾಯಿತು. ಹತ್ತುವುದು ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದ ಕಾಲದ ಸವಾರರ ರೂಢಿ ಇದು ಎಂದು ಹೇಳುತ್ತಾರೆ. ಈಗ ಕತ್ತಿ ಹೋಗಿದೆ, ರೂಢಿ ಉಳಿದಿದೆ. ಮೊದಲ ಕೆಲವು ವಾರ ಮಗುವಿನ ಕೈಗೆ ಲಗಾಮು ಸಿಗುವುದಿಲ್ಲ. ಮಾಸ್ತರರು ಉದ್ದ ಹಗ್ಗ ಹಿಡಿದು ಮಧ್ಯದಲ್ಲಿ ನಿಲ್ಲುತ್ತಾರೆ, ಕುದುರೆ ಸುತ್ತಲೂ ವೃತ್ತದಲ್ಲಿ ತಿರುಗುತ್ತದೆ. ಇದನ್ನೂ ಕೆಲವು ತಂದೆತಾಯಿಯರು ಗಾಣದ ಎತ್ತಿನ ಸವಾರಿ ಎಂದು ಗೇಲಿ ಮಾಡುವುದುಂಟು.

ಕಾರಣ ಕುದುರೆಯ ಬಾಯಲ್ಲಿದೆ. ಅದರ ಮುಂಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ ಮತ್ತು ತೆಳು ಚರ್ಮವಷ್ಟೇ ಹೊದ್ದ ಎಲುಬಿನ ಮೇಲೆ. ತೋಲ ತಪ್ಪಿದ ಹೊಸಬ ಮಾಡುವ ಮೊದಲ ಕೆಲಸ ಕೈಗೆ ಸಿಕ್ಕದ್ದನ್ನು ಹಿಡಿದು ಜೋತಾಡುವುದು. ಸಿಕ್ಕಿದ್ದು ಲಗಾಮಾದರೆ ಅಷ್ಟೂ ಭಾರ ಆ ಎಲುಬಿನ ಮೇಲೆ ಬೀಳುತ್ತದೆ. ಕುದುರೆಗೆ ಕಿರುಚಲು ಬಾರದು ಎಂಬುದೊಂದೇ ನಮಗೆ ಅದು ತಿಳಿಯದಿರಲು ಕಾರಣ. ಕೈ ಹಿಡಿಯದೆ ಕೂರಲು ಬಂದ ಮೇಲಷ್ಟೇ ಲಗಾಮು ಕೊಡುವ ಮಾಸ್ತರರು ಮಗುವಿನ ಕಾಲ ಕಳೆಯುತ್ತಿಲ್ಲ. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲೇ ಸವಾರಿಯ ಬಗ್ಗೆ ಪುಸ್ತಕ ಬರೆದು, ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಬೇಡಿ, ಒತ್ತಾಯದಿಂದ ಮಾಡಿಸಿದ್ದು ಚಂದವಾಗಿರದು ಎಂದಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಮೇಲೆ ಕೂತು ಚೆಂಡಾಡುವ ವಿನೋದವನ್ನೇ ವರ್ಣಿಸಿದ್ದಾನೆ. ಕನ್ನಡ ನಾಡಿಗೆ ಈ ವಿದ್ಯೆ ಹೊಸತಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುದುರೆ ತಂದ ಪರದೇಶದ ವರ್ತಕರ ಸಾಲು ಇಂದಿಗೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು.

ಜೀನಿನ ಮೇಲೆ ಸರಿಯಾಗಿ ಕೂತವರನ್ನು ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಲಂಬರೇಖೆಯಲ್ಲಿರುತ್ತವೆ. ಕುದುರೆಯನ್ನು ಥಟ್ಟನೆ ಮಾಯ ಮಾಡಿದರೆ ಅವರು ಕಾಲೂರಿ ನೆಲದ ಮೇಲೆ ನಿಂತಿರಬೇಕು, ಹಾಗೆ. ಕುರ್ಚಿಯಲ್ಲಿ ಕೂತಂತೆ ಕಾಲು ಮುಂದೆ ಚಾಚಿದವರು ಹಿಂದಕ್ಕೆ ಉರುಳಿಯಾರು. ಹಿಮ್ಮಡಿ ಕೆಳಗಿರಬೇಕು, ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು. ಪಾದ ಪೂರ್ತಿ ಒಳಗೆ ಜಾರಿದರೆ ಬಿದ್ದಾಗ ಅದು ಸಿಕ್ಕಿಕೊಂಡು ಕುದುರೆ ಸವಾರನನ್ನು ಎಳೆದೊಯ್ಯುತ್ತದೆ. ಹಿಮ್ಮಡಿಯಿರುವ ಗಟ್ಟಿ ಶೂ ಬೇಕೆನ್ನುವುದು ಇದಕ್ಕೇ. ಶಾಲೆಯ ಕ್ಯಾನ್‌ವಾಸ್ ಶೂ ಸಾಲದು, ಚಪ್ಪಲಿಯಂತೂ ಕೂಡದು.

ನಡಿಗೆಯಲ್ಲಿ ನಾಲ್ಕು ತಾಳ, ಒಂದೊಂದೇ ಕಾಲು. ಮುಂದಿನದು ಕುಕ್ಕುಲೋಟ, ಇಂಗ್ಲಿಷಿನ ಟ್ರಾಟ್. ಇದರಲ್ಲಿ ಎರಡೇ ತಾಳ. ಎಡ ಮುಂಗಾಲು ಬಲ ಹಿಂಗಾಲಿನೊಡನೆ, ಬಲ ಮುಂಗಾಲು ಎಡ ಹಿಂಗಾಲಿನೊಡನೆ ಜೋಡಿಯಾಗಿ ಬೀಳುತ್ತವೆ. ಕುಕ್ಕುವ ಈ ಓಟಕ್ಕೆ ಕನ್ನಡದ ಹೆಸರು ಎಷ್ಟು ಸರಿಯಾಗಿದೆ ಎಂಬುದು ಮೊದಲ ಸಲ ಕೂತವರ ಸೊಂಟಕ್ಕೆ ಗೊತ್ತು! ಉಪಾಯವೆಂದರೆ ಒಂದು ತಾಳಕ್ಕೆ ಜೀನಿನಿಂದ ಏಳುವುದು, ಮರುತಾಳಕ್ಕೆ ಕೂರುವುದು. ಕುದುರೆಯ ಬೆನ್ನು ಎಸೆಯುವ ಬಲವನ್ನೇ ಏಳಲು ಬಳಸಿಕೊಂಡರೆ ಸವಾರನಿಗೆ ಶ್ರಮವಿಲ್ಲ, ಕುದುರೆಯ ಬೆನ್ನಿಗೆ ಪೆಟ್ಟಿಲ್ಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ. ವೃತ್ತದಲ್ಲಿ ಹೋಗುವಾಗ ಹೊರಗಿನ ಮುಂಗಾಲು ಮುಂದೆ ಹೋದಾಗ ಏಳಬೇಕು. ದಿಕ್ಕು ಬದಲಾದರೆ ಲೆಕ್ಕವೂ ಬದಲು. ಮೂರು ತಾಳದ ಕ್ಯಾಂಟರ್ ಆಮೇಲೆ. ಕೊನೆಗೆ ನಾಲ್ಕು ಕಾಲಿನ ಓಟವಾದ ನಾಗಾಲೋಟ. ಮೊದಲ ವರ್ಷದ ಮಕ್ಕಳು ಅದರ ಕನಸು ಕಂಡರೆ ಸಾಕು.

ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ಏಕಕಾಲಕ್ಕೆ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ತಿಳಿಯದ ಈ ಪ್ರಶ್ನೆಗೆ 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಉತ್ತರ ಸಿಕ್ಕಿತು. ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಸಾಲಾಗಿಟ್ಟು, ಅಡ್ಡ ಕಟ್ಟಿದ ದಾರಗಳನ್ನು ಕುದುರೆಯೇ ಎಳೆದು ಚಿತ್ರ ತೆಗೆಯುವಂತೆ ಮಾಡಿದರು. ಬಿಡುತ್ತವೆ, ಹೌದು, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಮುಂದೆ ಹಿಂದೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಚಿ ಕೂಡಿದಾಗ. ನಮ್ಮ ಮನೆಗಳ ಮರದ ಕುದುರೆ ಇನ್ನೂ ಹಳೆಯ ತಪ್ಪನ್ನೇ ಮಾಡುತ್ತಿದೆ.

ಇಷ್ಟೆಲ್ಲ ಆದರೂ ಬೀಳುವುದು ತಪ್ಪದು. ಇಂಥ ಒಂದು ಲಾಯದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಐದನೆಯ ವಾರ ಬಿದ್ದಳು. ಬೇಲಿಗೆ ಸಿಕ್ಕಿಕೊಂಡಿದ್ದ ಸಿಮೆಂಟಿನ ಖಾಲಿ ಚೀಲ ಗಾಳಿಗೆ ಪಟಪಟನೆ ಬಡಿದುಕೊಂಡಿತು. ಕುಕ್ಕುಲೋಟದಲ್ಲಿದ್ದ ರಾಣಿ ಎಂಬ ಹೆಣ್ಣು ಕುದುರೆ ಪಕ್ಕಕ್ಕೆ ಹಾರಿತು. ನ್ಯೂಟನ್ನನ ಮೊದಲ ನಿಯಮದಂತೆ ಹುಡುಗಿ ನೇರ ಮುಂದಕ್ಕೆ ಹೋದಳು. ಭುಜ ಮೊದಲು, ತಲೆ ಆಮೇಲೆ ಮರಳಿಗೆ ತಾಗಿತು. ಹೆಲ್ಮೆಟ್ಟಿನ ಸದ್ದು ಬೆಂಚಿನ ಮೇಲೆ ಕುಳಿತಿದ್ದ ತಂದೆಗೂ ಕೇಳಿಸಿತು. ನಾಲ್ಕಾರು ಜನ ಸೇರಿದರು. "ಈಗಲೇ ಮತ್ತೆ ಹತ್ತಿಸಿ, ಇಲ್ಲದಿದ್ರೆ ಭಯ ಕೂತುಬಿಡುತ್ತೆ" ಎಂದರು ಒಬ್ಬರು. ಹುಡುಗಿಯೂ ಎದ್ದು ನಿಂತು "ಏನೂ ಆಗಿಲ್ಲ ಸರ್, ಹತ್ತುತೀನಿ" ಎಂದಳು.

ಮಾಸ್ತರರು ಹತ್ತಿಸಲಿಲ್ಲ. "ಮಗು, ಇವತ್ತು ಯಾವ ವಾರ?" ಎಂದರು. ಭಾನುವಾರ ಎಂದಳು. "ಬೆಳಿಗ್ಗೆ ಏನು ತಿಂದೆ?" ಹುಡುಗಿ ಯೋಚಿಸಿದಳು, ಅಪ್ಪನ ಮುಖ ನೋಡಿದಳು, ಉತ್ತರ ಬರಲಿಲ್ಲ. ದಾರಿಯಲ್ಲಿ ಇಬ್ಬರೂ ಕೂಡಿಯೇ ಇಡ್ಲಿ ತಿಂದು ಎರಡು ಗಂಟೆಯೂ ಆಗಿರಲಿಲ್ಲ. ಮಾಸ್ತರರು ತಂದೆಗೆ ಹೇಳಿದ್ದು ಒಂದೇ ಮಾತು: "ಆಸ್ಪತ್ರೆಗೆ ಹೊರಡಿ ಸರ್, ಕಾಯಬೇಡಿ."

ಬಿದ್ದ ಕೂಡಲೇ ಹತ್ತಬೇಕೆಂಬ ಮಾತು ಸವಾರರ ಲೋಕದಲ್ಲಿ ಬಹಳ ಹಳೆಯದು. ಬಹಳಷ್ಟು ಮಕ್ಕಳಿಗೆ ತೊಂದರೆ ಮಾಡಿರುವುದೂ ಅದೇ. ತಲೆಬುರುಡೆ ಒಡೆಯದಿದ್ದರೂ, ರಕ್ತ ಬಾರದಿದ್ದರೂ, ಒಳಗಿನ ಮಿದುಳು ಅಲುಗಾಡಿ ಪೆಟ್ಟಾಗಿರಬಹುದು. ತಲೆನೋವು, ವಾಂತಿ, ಮಂಪರು, ತಲೆಸುತ್ತು, ಕೇಳಿದ್ದನ್ನೇ ಮತ್ತೆ ಕೇಳುವುದು, ಬಿದ್ದ ಹೊತ್ತಿನ ನೆನಪಿಲ್ಲದಿರುವುದು ಇದರ ಗುರುತು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ, ಅದರಲ್ಲೂ ಬೆಳೆಯುವ ಮಕ್ಕಳಲ್ಲಿ, ಪರಿಣಾಮ ಭೀಕರವಾಗಬಹುದು. ಅಂಥ ಅನುಮಾನವಿದ್ದರೆ ಆ ದಿನ ಸವಾರಿ ಮುಗಿಯಿತು, ವೈದ್ಯರು ಒಪ್ಪುವವರೆಗೆ ಮುಂದಿನ ದಿನಗಳದ್ದೂ ಮುಗಿಯಿತು. ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಒಮ್ಮೆ ಕುಸಿದರೆ ಮತ್ತೆ ಉಬ್ಬುವುದಿಲ್ಲ. ಹೊರಗೆ ಹೊಳೆಯುತ್ತಿದ್ದರೂ ಅದನ್ನು ಎಸೆಯಲೇಬೇಕು. ಕ್ರಿಕೆಟ್ಟಿನದೋ ಸೈಕಲ್ಲಿನದೋ ಹೆಲ್ಮೆಟ್ಟು ಇಲ್ಲಿಗೆ ಒಗ್ಗದು. ಸವಾರಿಯ ಹೆಲ್ಮೆಟ್ಟು ತಲೆಯ ಹಿಂಭಾಗವನ್ನೂ ಕೆಳಗಿನವರೆಗೆ ಮುಚ್ಚುತ್ತದೆ. ಮತ್ತೊಂದು ಸಂಗತಿ: ಕುದುರೆಯ ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಸೇರಿಸುವ ಮುನ್ನ ಮಗುವಿಗೆ ಅದರ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳಬೇಕು. ಹಾವು ಕಚ್ಚಿದವರ ಜೀವ ಉಳಿಸುವ ಪ್ರತಿವಿಷವೂ ಕುದುರೆಯ ರಕ್ತದಿಂದಲೇ ತಯಾರಾಗುವುದೆಂಬುದನ್ನು ಇಲ್ಲೇ ಹೇಳಿಬಿಡಬಹುದು.

ಹುಡುಗಿಗೆ ಆಗಿದ್ದು ಸೌಮ್ಯ ಪೆಟ್ಟು. ಕೆಲವು ದಿನ ವಿಶ್ರಾಂತಿ ಎಂದರು ವೈದ್ಯರು. ಮನೆಯಲ್ಲಿ ಮಾತ್ರ ಯುದ್ಧವೇ ನಡೆಯಿತು. "ಸಾಕು ಈ ಕುದುರೆ ಸಹವಾಸ. ಹೆಣ್ಣು ಮಗು, ಕೈಕಾಲು ಮುರಿದರೆ ಯಾರು ಹೊಣೆ?" ಎಂದರು ತಾಯಿ. ಹೆಣ್ಣು ಮಗು ಎಂಬ ಮಾತಿಗೆ ಉತ್ತರವಿದೆ: ಒಲಿಂಪಿಕ್ಸ್‌ನ ಅಶ್ವಕ್ರೀಡೆಗಳಲ್ಲಿ ಗಂಡಸರು ಹೆಂಗಸರು ಒಂದೇ ಸ್ಪರ್ಧೆಯಲ್ಲಿ ಸೆಣಸುತ್ತಾರೆ. 1952ರ ಹೆಲ್ಸಿಂಕಿಯಲ್ಲಿ ಡ್ರೆಸಾಜ್ ಸ್ಪರ್ಧೆಯ ಬೆಳ್ಳಿ ಗೆದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಪೋಲಿಯೊದಿಂದಾಗಿ ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರ ನೆರವು ಬೇಕಿತ್ತು. 1956ರಲ್ಲೂ ಅವರು ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ಫೌಅದ್ ಮಿರ್ಜಾ 2018ರ ಏಷ್ಯಾಡ್‌ನಲ್ಲಿ ಎರಡು ಬೆಳ್ಳಿ ತಂದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. 2023ರ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಡ್ರೆಸಾಜ್ ಚಿನ್ನ ಗೆದ್ದ ಭಾರತದ ನಾಲ್ವರ ತಂಡದಲ್ಲಿ ಇಬ್ಬರು ಹುಡುಗಿಯರೇ. ಆದರೆ ತಾಯಿಯ ಮಾತಿನ ಉಳಿದರ್ಧಕ್ಕೆ, ಯಾರು ಹೊಣೆ ಎಂಬುದಕ್ಕೆ, ಪದಕಗಳ ಪಟ್ಟಿ ಉತ್ತರವಾಗದು.

ಮೂರು ವಾರ ಕಳೆದು ಹುಡುಗಿ ಕೇಳಿದ್ದು ಸವಾರಿಯನ್ನಲ್ಲ. "ರಾಣಿ ಗೊರಸು ಯಾರು ಕ್ಲೀನ್ ಮಾಡ್ತಿದಾರೋ, ನೋಡ್ಕೊಂಡು ಬರೋಣ ಅಪ್ಪ" ಎಂದಳು. ವೈದ್ಯರ ಒಪ್ಪಿಗೆಯಾದ ಮೇಲೆ ತಂದೆ ಕರೆದುಕೊಂಡು ಹೋದರು. ಬೇಲಿಯ ಮೇಲಿನ ಚೀಲಗಳೆಲ್ಲ ಮಾಯವಾಗಿದ್ದವು. ಆ ದಿನ ಅವಳು ಕುದುರೆ ಹತ್ತಲಿಲ್ಲ. ಭುಜದ ಕಡೆಯಿಂದ ಹೋಗಿ, ಕುತ್ತಿಗೆ ಸವರಿ, ಮುಂಗಾಲು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಐದು ವಾರ ಬೆಂಚಿನ ಮೇಲೆಯೇ ಕುಳಿತಿದ್ದ ತಂದೆ ಮೊದಲ ಬಾರಿ ಎದ್ದು ಹತ್ತಿರ ಬಂದು, "ಕೊಡು ಇಲ್ಲಿ, ಯಾವ ಕಡೆಯಿಂದ ಎಳೀಬೇಕು?" ಎಂದು ಕೊಕ್ಕೆ ಇಸಿದುಕೊಂಡರು. "ಹಿಮ್ಮಡಿಯಿಂದ ತುದಿಗೆ ಅಪ್ಪ, ಉಲ್ಟಾ ಎಳೆದ್ರೆ ಅದಕ್ಕೆ ನೋವಾಗುತ್ತೆ." ಅವಳು ಮತ್ತೆ ಜೀನು ಏರಿದ್ದು ಅದರ ಮುಂದಿನ ತಿಂಗಳು, ಹಗ್ಗದ ಮೇಲೆ, ಬರೀ ನಡಿಗೆಯಲ್ಲಿ.

ಲಾಯ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ತಂದೆತಾಯಿಯರಿಗೆ ಕುದುರೆಶಾಸ್ತ್ರ ಬೇಕಿಲ್ಲ. ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ನೋಡಬೇಕು. ತೊಟ್ಟಿಯಲ್ಲಿ ನೀರಿದೆಯೇ? ಜೀನು ತೆಗೆದಾಗ ಬೆನ್ನಿನ ಮೇಲೆ ಹುಣ್ಣು ಕಾಣುತ್ತದೆಯೇ? ಪಕ್ಕೆಲುಬು ಎಣಿಸಬಹುದೇ? ಕುಂಟುತ್ತಿರುವ ಕುದುರೆಯನ್ನೂ ಪಾಠಕ್ಕೆ ಕಟ್ಟಿದ್ದಾರೆಯೇ? ಸೈಸ್ ಹತ್ತಿರ ಬಂದರೆ ಕುದುರೆ ಕಿವಿ ಚಪ್ಪಟೆ ಮಾಡುತ್ತದೆಯೋ, ಮೂತಿ ಚಾಚುತ್ತದೆಯೋ? ಒಂದೇ ಕುದುರೆ ಬೆಳಗಿನಿಂದ ಎಷ್ಟು ಮಕ್ಕಳನ್ನು ಹೊತ್ತಿದೆ? ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗ ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಮಗುವಿನದು ಚಿಂತೆಯಿಲ್ಲ. "ನಾನೂ ಒಂದು ರೌಂಡು ಹೋಗಿ ಬರ್ತೀನಿ" ಎನ್ನುವ ಅಪ್ಪಂದಿರು ಲೆಕ್ಕ ಹಾಕಿಕೊಳ್ಳಲಿ. ಹೆಲ್ಮೆಟ್ಟಿ‌ಲ್ಲದೆ ಹತ್ತಿಸುವ ಕಡೆ, ಮೊದಲ ದಿನವೇ ಓಡಿಸುತ್ತೇವೆ ಎನ್ನುವ ಕಡೆ, ಕಟ್ಟಿದ ದುಡ್ಡು ಹೋದರೂ ಚಿಂತೆಯಿಲ್ಲ, ಹಿಂದಿರುಗುವುದು ಲೇಸು.

ಅಂದ ಹಾಗೆ, ಚಿಕ್ಕ ಲಾಯಗಳ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತವಾದವು. ಎರಡನೆಯ ವಯಸ್ಸಿಗೆ ಓಡಲು ಶುರುಮಾಡಿ, ಆರೇಳು ವರ್ಷಕ್ಕೆಲ್ಲ ಮೂಲೆ ಸೇರುವ ಪ್ರಾಣಿಯ ಆಯಸ್ಸು 25 ವರ್ಷ, ಚೆನ್ನಾಗಿ ನೋಡಿಕೊಂಡರೆ 30. ಉಳಿದ ಎರಡು ದಶಕ ಅದು ಎಲ್ಲಿಗೆ ಹೋಗಬೇಕು? ಅಂಥ ಕುದುರೆಗೆ ಓಡುವುದೊಂದೇ ಗೊತ್ತು. ಮಕ್ಕಳನ್ನು ಹೊತ್ತು ನಿಧಾನವಾಗಿ ನಡೆಯುವುದನ್ನು ಅದೂ ಹೊಸದಾಗಿ ಕಲಿಯಬೇಕು. ತಿಂಗಳುಗಟ್ಟಲೆ ಕಲಿಸದೆ ನೇರ ಪಾಠಕ್ಕೆ ಕಟ್ಟಿದ್ದರೆ ಅದು ಕುದುರೆಗೂ ಮಗುವಿಗೂ ಅನ್ಯಾಯ. ಯಾವ ಕುದುರೆ, ಎಷ್ಟು ವರ್ಷದ್ದು, ಎಷ್ಟು ಕಾಲದಿಂದ ಮಕ್ಕಳನ್ನು ಹೊರುತ್ತಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪಾಠ ಮುಗಿದೊಡನೆ ಇಳಿದು ಕಾರಿಗೆ ಓಡುವುದು ಬೇಡ. ರಿಕಾಪು ಮೇಲೆ ಸರಿಸಿ, ಹೊಟ್ಟೆಪಟ್ಟಿ ಸಡಿಲಿಸಿ, ಉಸಿರು ಹದಕ್ಕೆ ಬರುವವರೆಗೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸಬೇಕು. ಬೆವರಿದ ಮೈಗೆ ನೀರು ಹಾಕಿ ಒರೆಸಬೇಕು. ಗೊರಸು ಇನ್ನೊಮ್ಮೆ ನೋಡಬೇಕು. ಆಮೇಲೆ ಒಳಗೆ ಬಿಟ್ಟರೆ ಅದು ಒಂದು ಹಿಂಗಾಲು ಸಡಿಲಿಸಿ, ಕೆಳತುಟಿ ಜೋಲುಬಿಟ್ಟು, ನಿಂತಲ್ಲೇ ತೂಕಡಿಸಲು ಆರಂಭಿಸುತ್ತದೆ. ಕಾಲಿನ ಸ್ನಾಯುರಜ್ಜುಗಳು ಕೀಲುಗಳನ್ನು ಬಿಗಿಹಿಡಿಯುವುದರಿಂದ ನಿಂತು ನಿದ್ರಿಸಲು ಅದಕ್ಕೆ ಶ್ರಮವಾಗದು. ಗಾಢ ನಿದ್ರೆಗೆ ಮಾತ್ರ ದಿನಕ್ಕೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು, ಅದೂ ಅಪಾಯವಿಲ್ಲವೆಂದು ಅನ್ನಿಸಿದಾಗ ಮಾತ್ರ. ಲಾಯದಲ್ಲಿ ಕುದುರೆ ಕಾಲು ಮಡಚಿ ಮಲಗಿದ್ದು ಕಂಡರೆ ಮಕ್ಕಳು ಸದ್ದು ಮಾಡದೆ ಆಚೆ ಬರಲಿ.